ಬಿಚ್ಚಿ ಹೆಣೆದ ಉಣ್ಣೆ

ನಾನು ಒಂದಿಷ್ಟು ನೀಲಿ ಉಣ್ಣೆಯ ನೂಲು. ಈಗ ನೋಡಿದವರು ಸ್ವೆಟರ್ ಎನ್ನುತ್ತಾರೆ. ತಪ್ಪೇನಿಲ್ಲ. ಆದರೆ ಅಂಗಿ ನನ್ನ ವೇಷ ಮಾತ್ರ. ವೇಷ ಬದಲಾದಾಗಲೆಲ್ಲ ನೂಲಾಗಿ ಉಳಿದದ್ದೇ ನನ್ನ ಬದುಕು.

ಹುಟ್ಟಿದ್ದು ಯಾವುದೋ ಕುರಿಯ ಮೈಮೇಲೆ. ಅದರ ಮುಖ ನೆನಪಿಲ್ಲ. ಹಡಗು ಹತ್ತಿ ಜಪಾನಿಗೆ ಬಂದು, ಗಿರಣಿಯಲ್ಲಿ ನೂಲಾಗಿ, ಬಣ್ಣದ ತೊಟ್ಟಿಯಲ್ಲಿ ಮುಳುಗಿ ಕಡುನೀಲಿಯಾದೆ. ಹಿಮ ಬೀಳುವ ಊರೊಂದರಲ್ಲಿ, ರೇಷ್ಮೆ ಹುಳು ಸಾಕುವ ಮನೆಯ ಹೆಂಗಸೊಬ್ಬಳು ನನ್ನನ್ನು ಕೊಂಡಳು. ಆ ಮನೆಯವರು ರೇಷ್ಮೆಯನ್ನು ಮಾರುತ್ತಿದ್ದರು. ತಾವು ತೊಡುತ್ತಿದ್ದದ್ದು ಹತ್ತಿ ಮತ್ತು ಉಣ್ಣೆ. ಆಕೆ ನನ್ನಿಂದ ತನಗೊಂದು ಸ್ವೆಟರ್ ಹೆಣೆದುಕೊಂಡು ಹಲವು ಚಳಿಗಾಲ ತೊಟ್ಟಳು.

ಆಕೆಯ ಮಗಳು ಚಿಯೋ. ರೇಷ್ಮೆ ಕೆಲಸ ಕಲಿಯಲು ಮೈಸೂರಿನಿಂದ ಬಂದಿದ್ದ ನಾಗಭೂಷಣ ಎಂಬ ಹುಡುಗನನ್ನು ಅವಳು ಮೆಚ್ಚಿ ಮದುವೆಯಾದಳು. ಹೊರಡುವ ಹಿಂದಿನ ದಿನ ತಾಯಿ ಸ್ವೆಟರನ್ನು ಕಳಚಿ, ಕತ್ತಿನಿಂದ ಬಿಚ್ಚತೊಡಗಿದಳು. ಮಗಳು ಬೇಡವೆನ್ನಲಿಲ್ಲ. ಆ ಊರಿನಲ್ಲಿ ಅದು ರೂಢಿ. ಬಟ್ಟೆ ಹಳತಾದರೆ ಬಿಚ್ಚಿ, ತೊಳೆದು, ಬೇಕಾದವರ ಮೈಗೆ ಮತ್ತೆ ಮಾಡಿಕೊಡುವರು. ಉಂಡೆಗಳಾದ ನನ್ನನ್ನು ಮಗಳ ಪೆಟ್ಟಿಗೆಯಲ್ಲಿಟ್ಟು ತಾಯಿ ಹೇಳಿದ್ದಿಷ್ಟೇ: “ಅಲ್ಲಿ ಏನು ಬೇಕಾಗುತ್ತೋ ನನಗೆ ಗೊತ್ತಿಲ್ಲ. ನೀನೇ ನೋಡಿ ಮಾಡಿಕೋ.”

ಚಿಯೋ ಮೈಸೂರನ್ನು ನೋಡುವ ಮೊದಲೇ ಗಂಡನಿಗೆ ದಪ್ಪನೆಯ ಸ್ವೆಟರ್ ಹೆಣೆದು ಮುಗಿಸಿದ್ದಳು. ಅವಳಿಗೆ ಗೊತ್ತಿದ್ದ ಚಳಿ ಒಂದೇ. ಶಿವರಾತ್ರಿಯ ಬೆಳಿಗ್ಗೆ ನಾಗಭೂಷಣ ಅದನ್ನು ತೊಟ್ಟು ಜಗಲಿಯಲ್ಲಿ ಕುಳಿತಿದ್ದ. ಹಣೆಯಿಂದ ಬೆವರು ಇಳಿಯುತ್ತಿತ್ತು. ಅವನ ಅಕ್ಕ ತುಂಗಮ್ಮ ಬಾಗಿಲಲ್ಲೇ ನಿಂತುಬಿಟ್ಟಳು.

“ಏನೇ ಚಿಯಾ, ಚಳಿ ಶಿವ ಶಿವಾ ಅಂತ ಓಡೋಗೋ ದಿನ ನಮ್ಮ ಹುಡುಗನ್ನ ಕಡುಬಿನ ಥರ ಬೇಯಿಸ್ತಾ ಇದ್ದೀಯಲ್ಲ!”

“ಇಲ್ಲ ಕಣಕ್ಕ, ನಂಗೆ ಒಳಗೊಳಗೇ ಚಳಿ,” ಎಂದ ನಾಗಭೂಷಣ.

ಚಿಯೋಗೆ ಆ ಮಾತು ಪೂರ್ತಿ ತಿಳಿಯಲಿಲ್ಲ. ಅವನ ಬೆವರು ತಿಳಿಯಿತು. ಅಂದೇ ಬಿಚ್ಚಿ, ತೆಳುವಾಗಿ, ಕೈಯಿಲ್ಲದ ಸ್ವೆಟರ್ ಮಾಡಿದಳು. ಉಳಿದ ಉಂಡೆಗಳು ಬೀರುವಿನ ತಳ ಸೇರಿದವು.

ಆ ಬೀರುವಿನಲ್ಲಿ ಅಂಗಡಿಯಿಂದ ಬಂದ ಬಟ್ಟೆ ಕಡಿಮೆ. ಗಂಡನ ಷರಟು, ತನ್ನ ರವಿಕೆ, ಮಗ ಮಿಹಿರನ ಶಾಲೆಯ ಚಡ್ಡಿ ಎಲ್ಲವನ್ನೂ ಚಿಯೋ ಕೈಯಾರೆ ಹೊಲಿದಳು. ಬೆಳೆಯುವ ಹುಡುಗನ ಅಂಗಿಗೆ ಒಳಗೆ ಮಡಿಕೆ ಕೊಟ್ಟು, ಅವನು ಎತ್ತರವಾದಂತೆ ಬಿಡಿಸುತ್ತಿದ್ದಳು. ಅದನ್ನು ಕಂಡ ತುಂಗಮ್ಮ, “ನಮ್ಮಮ್ಮನೂ ಲಂಗಕ್ಕೆ ಹಿಂಗೇ ಮಡಿಕೆ ಹಾಕ್ತಿದ್ಲು. ನಿಮ್ಮೂರಲ್ಲೂ ಉಂಟಾ?” ಎಂದು ಅವಳ ಪಕ್ಕದಲ್ಲೇ ಕುಳಿತಳು. ಅವರಿಬ್ಬರ ಸ್ನೇಹ ಶುರುವಾದದ್ದು ಅಲ್ಲಿಂದ. ಹೆಣಿಗೆಯಲ್ಲಿ ಮಾತ್ರ ಚಿಯೋ ಬಹಳ ಕಟ್ಟುನಿಟ್ಟು. ಒಂದು ಕುಣಿಕೆಯ ಕಣ್ಣು ಸಡಿಲವಾದರೂ ಇಡೀ ಸಾಲನ್ನು ಬಿಚ್ಚುವಳು.

ನಾಗಭೂಷಣ ತೀರಿಕೊಂಡ ಮೇಲೆ ಅವಳು ಅವನ ಸ್ವೆಟರನ್ನು ಬಿಚ್ಚಿದಳು. ತಳದ ಉಂಡೆಗಳನ್ನೂ ಸೇರಿಸಿ ಮಗನಿಗೆ ತುಂಬುತೋಳಿನದು ಹೆಣೆದಳು. ಮಿಹಿರ ನೀಳ ಕೈಗಳ ಹುಡುಗ. ಇಂದು ಎಂಬ ಹುಡುಗಿ ಅವನನ್ನು ಮದುವೆಯಾಗಿ ಮನೆಗೆ ಬಂದ ಮೇಲೆ, ಚಳಿಯ ಬೆಳಿಗ್ಗೆ ಅವಳು ಪಾಠ ಹೇಳುವ ಕಾಲೇಜಿಗೆ ಅವಳನ್ನು ಬಿಡಲು ಹೋಗುವಾಗ ನನ್ನನ್ನೇ ತೊಡುತ್ತಿದ್ದ. ಸ್ಕೂಟರಿನ ಹಿಂದೆ ಕುಳಿತ ಅವಳ ಕೆನ್ನೆ ನನಗೆ ತಾಗುತ್ತಿತ್ತು.

ಮೂರು ಚಳಿಗಾಲವೂ ಕಳೆದಿರಲಿಲ್ಲ. ಒಂದು ಮಧ್ಯಾಹ್ನ ಅವನ ಹೃದಯ ನಿಂತಿತು.

ವೈಕುಂಠ ಸಮಾರಾಧನೆ ಮುಗಿದ ಮೇಲೆ ತುಂಗಮ್ಮ ಬೀರು ತೆರೆದು ಅವನ ಬಟ್ಟೆಗಳನ್ನು ಗಂಟು ಕಟ್ಟಿದಳು. ಕೊಟ್ಟುಬಿಡಬೇಕು, ಹೋದವರದ್ದು ಮನೆಯಲ್ಲಿರಬಾರದು ಎಂಬುದು ಅವಳ ನಂಬಿಕೆ. ಚಿಯೋ ನನ್ನನ್ನು ಮಾತ್ರ ಕೇಳಿದಳು.

“ಅಕ್ಕ, ಅದು ನನ್ನಮ್ಮನ ನೂಲು. ಬಿಚ್ಚಿ ಇಂದುಗೆ ಹೆಣೀತೀನಿ. ನಿಮ್ಮಮ್ಮನ ಸೀರೆ ನಿಮ್ಮ ಕೌದೀಲಿ ಇಲ್ವಾ?”

“ಮುತ್ತೈದೆಯಾಗಿ ಹೋದೋಳ ಸೀರೆ ಕಣೇ ಅದು. ಇದು ಬೇರೆ. ಈ ಮಗು ಮೈಮೇಲೆ ಇದನ್ನ ಹಾಕ್ಬೇಡ.”

ಇಂದು ಅಷ್ಟು ದಿನ ಯಾರೊಡನೆಯೂ ಮಾತಾಡಿರಲಿಲ್ಲ. ಬಂದು ಗಂಟಿನಿಂದ ನನ್ನನ್ನು ಎಳೆದುಕೊಂಡಳು. “ಕೊಡೋದೂ ಬೇಡ, ಬಿಚ್ಚೋದೂ ಬೇಡ,” ಎಂದಳು. ಬೀರುವಿನ ಅವನ ಖಾನೆಯಲ್ಲಿ ನನ್ನನ್ನಿಟ್ಟು ಬೀಗ ಹಾಕಿ, ಕೀಲಿ ತನ್ನ ಬಳಿ ಇಟ್ಟುಕೊಂಡಳು.

ಕತ್ತಲೆ ನನಗೆ ಹೊಸದಲ್ಲ. ಆಗಾಗ ಅವಳು ಬಾಗಿಲು ತೆರೆದು ಮುಖ ಇಡುತ್ತಿದ್ದಳು. ಅಳುತ್ತಿರಲಿಲ್ಲ. ಉಸಿರೆಳೆದುಕೊಂಡು ಮತ್ತೆ ಮುಚ್ಚುತ್ತಿದ್ದಳು. ಅವನ ವಾಸನೆ ಹೋದೀತೆಂದು ಒಂದು ನುಸಿಗುಳಿಗೆಯನ್ನೂ ಇಡಲಿಲ್ಲ. ಹಾಗಾಗಿ ನುಸಿ ಬಂತು. ಎಲ್ಲೆಲ್ಲಿ ಅವನ ಬೆವರು ಉಳಿದಿತ್ತೋ ಅಲ್ಲೇ ತಿಂದಿತು.

ಮುಂದಿನ ಕಾರ್ತಿಕದಲ್ಲಿ ತೆರೆದಾಗ ಕಂಕುಳಲ್ಲಿ ತೂತು, ಕತ್ತಿನಲ್ಲಿ ತೂತು. ಅವಳು ನನ್ನನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯ ಬಳಿ ಕುಳಿತಿದ್ದ ಅತ್ತೆಯ ಮಡಿಲಿಗಿಟ್ಟಳು.

“ಅತ್ತೆ, ಇದನ್ನ ಮುಂಚಿನ ಹಾಗೇ ಮಾಡಿಕೊಡಿ.”

ಚಿಯೋ ತೂತಿನೊಳಗೆ ಬೆರಳಿಟ್ಟು ನೋಡಿದಳು. “ತೇಪೆಗೆ ಇದೇ ನೂಲು ಬೇಕು. ತೋಳಿಂದ ಬಿಚ್ಚಿ ಕತ್ತಿಗೆ ಹಾಕ್ಬೇಕು. ಮುಂದಿನ ಸಲ ಕತ್ತಿಂದು ಇನ್ನೆಲ್ಲಿಗೋ. ಹಂಗೇ ಹಂಗೇ ಮುಗಿದುಹೋಗುತ್ತೆ ಕಣೇ.”

“ಬಿಚ್ಚಿದ್ರೂ ಮುಗಿದುಹೋಗುತ್ತೆ.”

ಚಿಯೋ ತೂತಿನಿಂದ ಬೆರಳು ತೆಗೆದಳು.

“ಮಾವಂದು ಬಿಚ್ಚುವಾಗ ನಿಮಗೆ ಏನೂ ಅನ್ನಿಸ್ಲಿಲ್ವಾ?”

“ಅನ್ನಿಸ್ತು. ಅದಕ್ಕೇ ಬೇಗ ಬಿಚ್ಚಿದೆ. ತಡ ಮಾಡಿದ್ರೆ ಕೈ ಬರ್ತಿರ್ಲಿಲ್ಲ.”

ಬೀದಿಯಲ್ಲಿ ಸೊಪ್ಪಿನವಳು ಕೂಗಿ ಹೋದಳು. ಆಮೇಲೆ ಇಂದು, “ನಾನೇ ಎಳೀತೀನಿ. ನೀವು ಸುತ್ತಿಕೊಳ್ಳಿ,” ಎಂದಳು.

ನನಗೆ ನೋವಾಗಲಿಲ್ಲ. ಬಿಚ್ಚುವಾಗ ಎಂದೂ ಆಗದು. ಸಾಲುಸಾಲಾಗಿ ಜಾರಿ ನಾನು ಹೊರಬಂದೆ. ತೂತು ಬಂದಲ್ಲಿ ತುಂಡಾದೆ. ಚಿಯೋ ಗಂಟು ಹಾಕಿದಳು. ತೋಳು ಬಿಚ್ಚುವಾಗ ಮಿಹಿರನ ಮೊಣಕೈ ಮೂಡಿಸಿದ್ದ ಉಬ್ಬು ಬಂತು. ಇಂದುವಿನ ಕೈ ನಿಂತಿತು. ಚಿಯೋ ನೂಲನ್ನು ಸಡಿಲ ಬಿಟ್ಟು, ಬೇರೆ ಕಡೆ ನೋಡುತ್ತಾ ಕಾದಳು. ಆಮೇಲೆ ಇಂದು ಎಳೆದಳು.

ಕುರ್ಚಿಯ ಬೆನ್ನಿಗೆ ಸುತ್ತಿದ ನಾನು ಗುಂಗುರು ಕೂದಲಿನಂತೆ ಸುರುಳಿ ಸುರುಳಿಯಾಗಿದ್ದೆ. ಒಂದೊಂದು ಸುರುಳಿಯೂ ಒಂದೊಂದು ಕಣ್ಣಿನ ಗುರುತು. ಇಂಥ ನೂಲನ್ನು ಕುದಿಯುವ ಕೆಟಲಿನ ಆವಿಯಲ್ಲಿ ಹಾಯಿಸಿದರೆ ಅದು ಎಲ್ಲ ಮರೆತು ನೇರವಾಗುತ್ತದೆ. ಚಿಯೋ ಪ್ರತಿ ಸಲ ಹಾಗೆಯೇ ಮಾಡಿದ್ದಳು. ಈಗಲೂ ಒಲೆಯ ಮೇಲೆ ನೀರು ಕುದಿಯತೊಡಗಿತ್ತು.

“ಅತ್ತೆ, ಆವಿ ಬೇಡ.”

“ಸುರುಳಿ ನೂಲಲ್ಲಿ ಹೆಣೆದ್ರೆ ಸಾಲು ಸೊಟ್ಟ ಆಗುತ್ತೆ. ನೋಡಿದೋರು ನಗ್ತಾರೆ.”

“ನಗಲಿ. ನಿಮ್ಮ ಮಗ ಹಾಕ್ಕೊಂಡಿದ್ದ ಗುರುತು ಅಷ್ಟಾದ್ರೂ ಇರ್ಲಿ.”

ಚಿಯೋ ನನ್ನನ್ನು ಬೆರಳಿಗೆ ಸುತ್ತಿ, ಬಿಟ್ಟು, ಮತ್ತೆ ಸುತ್ತಿದಳು. ಗಂಡನ ನೂಲನ್ನು ಅವಳು ಆವಿಯಲ್ಲಿ ಹಾಯಿಸಿದ ದಿನ ನನಗೆ ನೆನಪಿದೆ. ಅವಳಿಗೂ ನೆನಪಾಗಿರಬೇಕು. ಎದ್ದು ಹೋಗಿ ಒಲೆ ಆರಿಸಿದಳು.

ಹೆಣೆಯುವುದು ಅವಳಿಗೆ ಹಿಂಸೆಯಾಯಿತು. ಒಂದು ಕಣ್ಣು ದೊಡ್ಡದು, ಒಂದು ಚಿಕ್ಕದು. ಅಭ್ಯಾಸದ ಬಲದಿಂದ ಬಿಚ್ಚಲು ಕೈ ಹೋಗುವುದು, ಹಿಂದೆ ತೆಗೆದುಕೊಳ್ಳುವಳು. ಸಂಕ್ರಾಂತಿಗೆ ಮುಂಚೆ ಗುಂಡಿಯ ಸ್ವೆಟರ್ ಸಿದ್ಧವಾಯಿತು. ನೋಡಲು ಉತ್ತ ಹೊಲದಂತಿದ್ದೆ.

ಇಂದು ಅದನ್ನು ತೊಟ್ಟು ಕಾಲೇಜಿಗೆ ಹೊರಟ ಬೆಳಿಗ್ಗೆಯೇ ತುಂಗಮ್ಮ ಗೇಟಿನಲ್ಲಿ ಎದುರಾದಳು. ನನ್ನ ಅಂಚನ್ನು ಹಿಡಿದು ತಿರುಗಿಸಿ ನೋಡಿದಳು.

“ಇದೇನೇ ಚಿಯಾ, ನಿನ್ನ ಕೈಯಲ್ಲಿ ಹಿಂಗೆ ಏರುಪೇರು? ಕಣ್ಣು ಮಂಜಾಯ್ತಾ?”

“ಇಲ್ಲ ಅಕ್ಕ. ಬೇಕಂತ್ಲೇ ಹೆಣೆದೆ,” ಎಂದಳು ಚಿಯೋ ಬಾಗಿಲಿನಿಂದ.

ತುಂಗಮ್ಮನಿಗೆ ಬಣ್ಣದ ಗುರುತು ಸಿಕ್ಕಿತು. ಅವಳ ಬೆರಳು ನನ್ನ ಮೇಲೆ ಹಾಗೇ ನಿಂತಿತು. ಇಂದು ಬೈಗುಳಕ್ಕೆ ಕಾದು ನಿಂತಳು. ತುಂಗಮ್ಮ ಕೆಳಗಿನಿಂದ ಒಂದೊಂದೇ ಗುಂಡಿ ಹಾಕುತ್ತ ಕತ್ತಿನವರೆಗೆ ಬಂದಳು.

“ಗಾಳಿ ಇದೆ. ಎದೆ ಮುಚ್ಕೊಂಡು ಹೋಗು,” ಎಂದಳು.

ನನಗೀಗ ವಯಸ್ಸಾಗಿದೆ. ಎಳೆ ತೆಳುವಾಗಿದೆ, ಗಂಟುಗಳು ಬಹಳ. ಇನ್ನೊಮ್ಮೆ ಬಿಚ್ಚಿದರೆ ನಿಲ್ಲುವೆನೋ ಇಲ್ಲವೋ. ಒಬ್ಬರಿಗಾಗಿ ಹುಟ್ಟಿ ಒಬ್ಬರೊಡನೆ ಮುಗಿಯುವ ಬಟ್ಟೆಗಳೂ ಇವೆ; ನನ್ನ ಹಣೆಬರಹ ಹಾಗಿರಲಿಲ್ಲ. ತೊಟ್ಟವರು ಹೋದಾಗಲೆಲ್ಲ ನನ್ನನ್ನು ಬಿಚ್ಚುವ ಒಂದು ಕೈ ಇತ್ತು.

ಇದನ್ನೆಲ್ಲ ಹೇಳುತ್ತಿರುವುದು ಇಂದುವಿನ ಕಾಲೇಜಿನ ಸ್ಟಾಫ್ ರೂಮಿನಿಂದ. ನಿನ್ನೆ ಬಿಸಿಲೇರಿದ ಮೇಲೆ ಅವಳು ನನ್ನನ್ನು ಕಳಚಿ ಕುರ್ಚಿಯ ಬೆನ್ನಿಗೆ ಹಾಕಿದಳು. ಸಂಜೆ ಯಾರದೋ ಮಾತಿಗೆ ನಗುತ್ತ, ಚೀಲ ಎತ್ತಿಕೊಂಡು ಹೊರಟುಹೋದಳು. ಇವತ್ತು ಭಾನುವಾರ. ಕೋಣೆ ಖಾಲಿಯಿದೆ. ಅವಳು ನನ್ನನ್ನು ಮರೆತದ್ದು ಇದೇ ಮೊದಲು. ನನಗೆ ಬೇಸರವಿಲ್ಲ.