ಕೆಟಲಿಗೆ ಹೊಸ ಗಂಟಲು

ಎರಡನೇ ಕೆಟಲೂ ತಳ ಸುಟ್ಟುಕೊಂಡ ದಿನ ಅಮ್ಮ ತೀರ್ಪು ಕೊಟ್ಟೇಬಿಟ್ಟಳು. "ಅಪ್ಪ, ನಾಳೆಯಿಂದ ನೀವು ಒಲೆ ಹತ್ರ ಬರೋದೇ ಬೇಡ. ಟೀ ಮಾಡಿ ಫ್ಲಾಸ್ಕಲ್ಲಿ ಇಟ್ಟಿರ್ತೀನಿ."

ತಾತ ರೈಲು ಎಂಜಿನ್ ಓಡಿಸಿ ನಿವೃತ್ತರಾದವರು. ಮನೆಮಂದಿಗೆಲ್ಲ ಬೆಳಗಿನ ಟೀ ಅವರ ಕೈಯದ್ದೇ. ನೀರಿಟ್ಟು, ಪಕ್ಕದ ಕೋಣೆಯಲ್ಲಿ ಪೇಪರ್ ಬಿಡಿಸಿಕೊಂಡು ಕೂರುವರು. ಕೆಟಲ್ ಸೀಟಿ ಹಾಕಿದರೆ ಏಳುವರು. ಈಚೆಗೆ ಸೀಟಿ ಮಹಡಿಯವರೆಗೂ ಕೇಳಿದರೂ ತಾತ ಏಳುತ್ತಿರಲಿಲ್ಲ. ತಾತ ಇದ್ದಾರಲ್ಲ ಎಂದು ನಾವೂ ಮಗ್ಗುಲು ಬದಲಿಸುತ್ತಿದ್ದೆವು. ಮಾತಾಡಿಸಿದರೆ ಉತ್ತರ ಕೊಡುತ್ತಾರೆ, ಬಾಗಿಲು ಬಡಿದರೆ ತಿರುಗುತ್ತಾರೆ. ಅಂದಮೇಲೆ ಕಿವಿ ನೆಟ್ಟಗಿದೆ, ಇದು ಮರೆವೇ ಎಂದು ಮನೆಯವರೆಲ್ಲ ಷರಾ ಬರೆದಾಗಿತ್ತು.

"ಬುದ್ಧಿ ಹಳಿ ತಪ್ತಾ ಇದೆ ಕಣೋ," ಎಂದು ತಾತ ನಗಲು ನೋಡಿದರು. ನಗು ಅರ್ಧಕ್ಕೇ ನಿಂತಿತು.

ಇಂಥ ಹೊತ್ತಿಗೆ ನನ್ನ ಬಳಿ ಇರುವುದು ಒಂದೇ ಮದ್ದು, ಮಿಮಿಕ್ರಿ. ಮೊದಲು ಅಮ್ಮನ ತೀರ್ಪನ್ನು ಅಮ್ಮನ ದನಿಯಲ್ಲೇ ಓದಿದೆ. ತಾತ ನಕ್ಕರು. ಹುರುಪು ಬಂದು ಅಪರಾಧಿ ಕೆಟಲನ್ನೇ ಕಟಕಟೆಗೆ ತಂದೆ. ಹಲ್ಲಿನ ಸಂದಿಯಿಂದ ಉಸಿರು ಬಿಟ್ಟು ಒಂದು ಸೀಟಿ ಹಾಕಿದೆ ನೋಡಿ, ಅಡುಗೆಮನೆಯಿಂದ ಅಮ್ಮ ಓಡಿಬಂದಳು. ತಾತ ಮಾತ್ರ ನನ್ನ ಬಾಯನ್ನೇ ದಿಟ್ಟಿಸುತ್ತಿದ್ದರು.

"ಯಾಕೋ ಸುಮ್ನೆ ಹಲ್ಲು ಕಿರ್ಕೊಂಡು ಕೂತಿದ್ದೀಯ? ಹಲ್ಲುನೋವಾ?"

ಮೂಲೆಯ ಮೇಜಿನ ಬಳಿ ಟ್ರಂಪೆಟ್ಟಿಗೆ ಬೆಸುಗೆ ಹಾಕುತ್ತಿದ್ದ ಚಿಕ್ಕಮ್ಮನ ಕೈ ನಿಂತಿತು. ಊದುವ ವಾದ್ಯಗಳ ರಿಪೇರಿ ಅವಳ ಕಸುಬು; ವಾದ್ಯ ಊರವರದ್ದು, ಜಂಬ ಸ್ವಂತದ್ದು.

"ಅಪ್ಪ, ಆ ಕಡೆ ತಿರುಗಿ. ಕೇಳಿಸಿದ್ರೆ ಕೈ ಎತ್ತಿ. ನೀನು ಕೂಗೋ, ನನ್ನ ಗಂಧರ್ವ!"

ಕೂಗಿದೆ. ಕೈ ಏಳಲಿಲ್ಲ. ದನಿಯನ್ನು ಒಂದು ಮೆಟ್ಟಿಲು ಇಳಿಸಿದೆ, ಇಲ್ಲ. ಕೋಗಿಲೆಯಿಂದ ಗೂಬೆಗೆ, ಗೂಬೆಯಿಂದ ಎಮ್ಮೆಗೆ ಇಳಿಯುವಷ್ಟರಲ್ಲಿ ತಾತನ ಕೈ ಸಿಗ್ನಲ್ ಕಂಬದಂತೆ ಟಕ್ಕನೆ ಎದ್ದಿತು.

"ನೋಡಕ್ಕಾ," ಎಂದಳು ಚಿಕ್ಕಮ್ಮ. "ಕಿವಿಯೊಳಗೆ ಬಸವನಹುಳದ ಚಿಪ್ಪಿನ ಥರ ಒಂದು ಸುರುಳಿ ಇರುತ್ತೆ. ಕೀರಲು ದನಿ ಹಿಡಿಯೋ ಎಳೆಗಳು ಅದರ ಬಾಗಿಲಲ್ಲೇ, ದಪ್ಪ ದನಿಯವು ಒಳಮನೇಲಿ. ಹೊಸಿಲ ಹತ್ರದ ಕಾಲೊರಸು ತಾನೇ ಮೊದಲು ಸವೆಯೋದು? ಇವರಿಗೆ ವಯಸ್ಸಿನ ಜೊತೆ ಎಂಜಿನ್ ಗದ್ದಲ ಬೇರೆ. ಕಿವಿ ಡಾಕ್ಟರಿಗೆ ತೋರಿಸೋಣ."

ತಾತ ಮೆಲ್ಲಗೆ ಕೇಳಿದರು, "ಅಂದ್ರೆ ತಲೆ ಸರಿ ಇದೆಯೇನಮ್ಮಾ?"

"ನಿಮ್ಮ ತಲೆ ಸರಿ ಇದೆ. ಕೆಟಲಿನ ಸೀಟಿ ಸರಿ ಇಲ್ಲ."

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು, ಸೆಖೆಯೇನೂ ಇರಲಿಲ್ಲ.

ಚಿಕ್ಕಮ್ಮ ಕೆಟಲಿನ ಮೂತಿ ಬಿಚ್ಚಿ ನನಗೆ ತೋರಿಸಿದಳು. ಒಳಗೆ ಎರಡು ಪುಟ್ಟ ತಟ್ಟೆ, ಎರಡರಲ್ಲೂ ಒಂದೊಂದು ತೂತು. ಮೊದಲ ತೂತಿನಿಂದ ನುಗ್ಗುವ ಆವಿ ಎರಡನೆಯದರ ಅಂಚಿಗೆ ಬಡಿದು ಸುಳಿಸುಳಿಯಾಗಿ ಹೊರಬೀಳುತ್ತದೆ. ಆ ಸುಳಿಗಳ ನಡುಕವೇ ಕೂಗು. ಮೂತಿಯ ಕೊಳವೆ ಉದ್ದವಾದಷ್ಟೂ ದನಿ ದಪ್ಪವಾಗುತ್ತದೆ, ಕೊಳಲಿನ ಹಾಗೆ. ದಿನವೂ ಅದೇ ಶಾಖದಲ್ಲಿ ಕುದಿಯುವ ನೀರಿಗೆ ಇಷ್ಟೊಂದು ಸಂಗೀತಜ್ಞಾನವಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಗುಜರಿ ಡಬ್ಬಿಯಿಂದ ಹಿತ್ತಾಳೆ ಕೊಳವೆ ಬಂತು. ಮೊದಲು ಸಿಕ್ಕಿಸಿದ್ದು ಮೂಗನಾಯಿತು. ಇನ್ನೊಂದು ಬೆಕ್ಕಾಯಿತು. ತೂತು ಅಗಲಿಸಿ, ಮೊಳದುದ್ದದ ಕೊಳವೆ ಬೆಸೆದಳು. ಕೆಟಲ್ ಈಗ ಸೊಂಡಿಲೆತ್ತಿದ ಆನೆಮರಿ.

ಮರುದಿನ ಬೆಳಿಗ್ಗೆ ಮನೆಯೊಳಗೆ ರೈಲೇ ನುಗ್ಗಿತೆಂದು ನಾನು ಮಂಚದಿಂದ ಉರುಳಿದೆ. ಕೆಳಗೆ ಬಂದರೆ ತಾತ ಆಗಲೇ ಒಲೆ ಆರಿಸಿ, ಕಪ್ ಸಾಲಾಗಿ ನಿಲ್ಲಿಸಿದ್ದರು. ಅಮ್ಮ ಫ್ಲಾಸ್ಕನ್ನು ಕಪಾಟಿನ ಮೇಲಕ್ಕೆ ತಳ್ಳಿ, ಗೊಣಗಿದಳು, "ಬೀದಿಯವರೆಲ್ಲ ಎದ್ದಿರ್ತಾರೆ. ನಂಗೆ ಸಕ್ಕರೆ ಕಮ್ಮಿ, ಅಪ್ಪ."

ಸಂಜೆ ಮಹಡಿಯಿಂದ ನಾನು ಕೆಟಲಿನ ಹೊಸ ದನಿ ಹೊರಡಿಸಿದೆ. ತಾತ ಪೇಪರ್ ಬಿಸಾಕಿ ಅಡುಗೆಮನೆಗೆ ಓಡಿದರು. ತಣ್ಣಗಿದ್ದ ಒಲೆ ನೋಡಿ, ಮೇಲಕ್ಕೆ ಮುಖ ಮಾಡಿ ಕೂಗಿದರು:

"ಕೂಗಿದ್ದು ಸಾಕು, ಇಳಿದು ಬಾರೋ! ನೀರು ಇಡ್ತೀನಿ."