ಮೀನಿಲ್ಲದ ನೀರಿಗೆ ಒಂದು ತುತ್ತು

ಪರೀಕ್ಷೆಯ ಕೊಳವೆಯಲ್ಲಿ ಅಕ್ವೇರಿಯಂ ನೀರು ಮತ್ತೆ ಹಸಿರಾಯಿತು. ಹಳದಿ ಎಂದರೆ ಅಮೋನಿಯಾ ಇಲ್ಲ, ಹಸಿರು ಎಂದರೆ ಇದೆ. ನಾಲ್ಕು ದಿನದ ಹಿಂದೆ ಹಳದಿಯೇ ಇತ್ತು. ಅದನ್ನು ನಂಬಿ ವನಿತಾ ಗಂಗಾನಗರದ ಮುಜಫ್ಫರ್ ಅಂಗಡಿಯಲ್ಲಿ ಒಂದು ಜೋಡಿ ಸಮುದ್ರದ ಮೀನಿಗೆ ಹೇಳಿಟ್ಟಿದ್ದಳು. ಇವತ್ತು ಸಂಜೆ ಅವನು ತರಬೇಕು. ನಾಳೆ ಸಹಕಾರನಗರದ ಈ ಹೊಸ ಮನೆಯ ಗೃಹಪ್ರವೇಶ.

ಐದು ವಾರದಿಂದ ಅವಳು ದಿನವೂ ಇಲ್ಲಿಗೆ ಬಂದು ಬರೀ ಉಪ್ಪುನೀರು, ಕಲ್ಲು ನೋಡುತ್ತ ಕೂತಿದ್ದಳು. ಕಣ್ಣಿಗೆ ಕಾಣದ ಜೀವಿಗಳು ಕಲ್ಲಿನಲ್ಲಿ ನೆಲೆಯೂರಿ ಅಮೋನಿಯಾವನ್ನೆಲ್ಲ ತಿಂದು ಮುಗಿಸುವಷ್ಟು ಬೆಳೆಯಬೇಕು; ಅಲ್ಲಿಯವರೆಗೆ ಮೀನು ಬಿಟ್ಟರೆ ಕಿವಿರು ಸುಟ್ಟು ಸಾಯುತ್ತವೆ. ಏನೂ ನಡೆಯದಂತೆ ಕಾಣುವುದನ್ನು ದಿನವೂ ಅಳೆಯುವುದು ಯಾಕೋ ಅವಳಿಗೆ ಹಿತವೆನಿಸತೊಡಗಿತ್ತು.

ಟಾರ್ಚ್ ಬಿಟ್ಟು ಹುಡುಕಿದಳು. ಹಿಂಬದಿಯ ಕಲ್ಲಿನ ಸಂದಿಯಲ್ಲಿ ಕಂದು ಉಂಡೆಗಳು, ಮೇಲೆ ಬಿಳಿ ಬೂಷ್ಟು.

"ಅತ್ತೆ, ಇದೇನಿದು?"

ತೋರಣಕ್ಕೆ ಮಾವಿನೆಲೆ ಪೋಣಿಸುತ್ತಿದ್ದ ದ್ರೌಪದಮ್ಮ ತಲೆಯೆತ್ತಲಿಲ್ಲ. "ಮುದ್ದೆ ಕಣಮ್ಮಾ. ಮೂರು ದಿನದಿಂದ ಆಕ್ತಿದೀನಿ."

"ಮೀನೇ ಇಲ್ವಲ್ಲ ಅದ್ರಲ್ಲಿ!"

"ಬರೋವು ಅಸ್ಕೊಂಡ್ ಬರ್ತವೆ. ಅಮೃತಳ್ಳಿ ಕೆರೆಗೆ ನಮ್ಮಪ್ಪ ಇಂಗೇ ಆಕ್ತಿತ್ತು, ಉಣ್ಣಕ್ ಮುಂಚೆ ಒಂದ್ ತುತ್ತು. ಒಂದಾದ್ರೂ ಸತ್ತಿತ್ತಾ?"

"ಅದು ಕೆರೆ ಅತ್ತೆ. ಇದು ಮೂರಡಿ ಗಾಜಿನ ಡಬ್ಬ. ಮುದ್ದೆ ಕೊಳೆತು ವಿಷ ಆಗಿದೆ."

ದ್ರೌಪದಮ್ಮನ ಕೈ ನಿಂತಿತು. "ಊರೋರಿಗೆಲ್ಲ ಏಳ್ಬಿಟ್ಟಿದೀನಲ್ಲಮ್ಮಾ, ಸಮುದ್ರದ ಮೀನು ನೋಡೋಕ್ ಬನ್ನಿ ಅಂತ. ಖಾಲಿ ನೀರಿಗೆ ಲೈಟ್ ಆಕವ್ರೆ ಅಂತ ಆಡ್ಕೊಳಲ್ವಾ? ನಾಳೆ ಒಂದಿನ ಇರಲ್ವಾ ಅವು?"

ಫೋನ್ ಬಂತು. ಮುಜಫ್ಫರ್. ವನಿತಾ ಸ್ಪೀಕರ್ ಹಾಕಿದಳು.

"ಮೇಡಂ, ಹೆಬ್ಬಾಳ ಫ್ಲೈಓವರ್ ಹತ್ರ ಇದೀನಿ. ನೀರು ರೆಡಿ ತಾನೇ?"

ವನಿತಾ ಅತ್ತೆಯನ್ನು ನೋಡಿದಳು. ಬೇಡ ಎನ್ನುವುದು ಅವಳಿಗೆ ಸುಲಭವಿತ್ತು. ನಾಳೆ ಬಾಗಿಲಲ್ಲಿ ನಿಂತು ನೆಂಟರ ಮಾತು ಕೇಳಬೇಕಾದವರು ಅತ್ತೆ.

ದ್ರೌಪದಮ್ಮನೇ ಫೋನಿಗೆ ಬಾಗಿದರು. "ನೀರ್ನಲ್ಲಿ ಮುದ್ದೆ ಕೊಳೆತೈತಂತಪ್ಪಾ. ಬಿಟ್ರೆ ಬದುಕ್ತವಾ?"

"ಮುದ್ದೆನಾ? ಬೇಡಮ್ಮಾ, ಸಾಯ್ತವೆ. ಹತ್ತು ದಿನ ನನ್ ಹತ್ರಾನೇ ಇರ್ಲಿ."

"ನಿನ್ ತಾವೇ ಮಡಿಕ್ಕೋ ಅಂಗಾರೆ. ಒಟ್ಟೆಗೆ ಆಕ್ತೀಯಾ ತಾನೇ?"

"ನಿಮ್ಮಷ್ಟು ಹಾಕಲ್ಲಮ್ಮಾ," ಎಂದು ನಕ್ಕು ಅವನು ಫೋನಿಟ್ಟ.

ದ್ರೌಪದಮ್ಮ ಬಳೆಗಳನ್ನು ಮೇಲೆ ಸರಿಸಿ ತೋಳನ್ನು ನೀರಿಗಿಳಿಸಿದರು. ವನಿತಾ ಬಟ್ಟಲು ಹಿಡಿದಳು.

"ಕೇಳ್ದೋರಿಗೆ ನಾನೇ ಏಳ್ತೀನಿ ಬಿಡು, ಮುದ್ದೆ ಆಕ್ದೋಳು ನಾನೇ ಅಂತ."

ಕೊನೆಯ ಉಂಡೆ ಬೆರಳುಗಳ ನಡುವೆಯೇ ಒಡೆದು ನೀರಿನಲ್ಲಿ ಕದಡಿತು. ಇಬ್ಬರೂ ಅದು ತಳಕ್ಕಿಳಿಯಲೆಂದು ಕಾದರು.