ಫಾನ್‌ಶೆ

ಒಳ್ಳೆಯ ಬೇಳೆಯೆಲ್ಲ ಕಸದ ಚೀಲಕ್ಕೇ ಬೀಳುತ್ತಿತ್ತು. ಸೇಡಂ ಊರಾಚೆಯ ಆ ದಾಲ್ ಮಿಲ್ಲಿನಲ್ಲಿ, ಬಣ್ಣ ನೋಡಿ ತೊಗರಿಬೇಳೆ ಆರಿಸುವ ಚೀನಾ ಯಂತ್ರದ ಮುಂದೆ ಸೂಪರ್‌ವೈಜರ್ ರಮೇಶಕುಮಾರ ಬೆವರುತ್ತ ನಿಂತಿದ್ದ. ಸಿಕ್ಕ ಸಿಕ್ಕ ಗುಂಡಿ ಒತ್ತಿ ಪರದೆಯ ತುಂಬ ಚೀನಾ ಅಕ್ಷರ ಬರಿಸಿಕೊಂಡಿದ್ದ. ಮೆಕ್ಯಾನಿಕ್ ನಾಳೆ ಬರುತ್ತೇನೆಂದಿದ್ದ. ಲಾರಿ ಬಾಗಿಲಲ್ಲೇ ಇತ್ತು.

ಕೂಲಿಯಾಳು ಜಯಮಾಲಾ ಚೀಲ ಹಿಡಿದು ಸುಮ್ಮನೆ ನೋಡುತ್ತಿದ್ದಳು. ಯಂತ್ರ ಕೂರಿಸಲು ಬಂದವನು ಅವಳಿಗೆ ಒಂದು ಚೀನಾ ಶಬ್ದ ಹೇಳಿಕೊಟ್ಟಿದ್ದ: ಫಾನ್‌ಶೆ. ಬೇಳೆಗೆ ಬಡಿದ ಬೆಳಕು ತಿರುಗಿ ಬರುವುದು; ಅದು ಹೆಚ್ಚಾದರೆ ಪರದೆಯಲ್ಲಿ ಅದರ ಅಂಕಿ ಇಳಿಸಬೇಕು. ಅದರ ಎರಡು ಅಕ್ಷರಗಳನ್ನು ಕ್ಯಾಲೆಂಡರಿನ ಹಿಂದೆ ಬರೆದು ಬರೆದು ಕಲಿತಿದ್ದಳು. "ಚೀನಾ ಪಂಡಿತಳು ಬಂದ್ಳು ನೋಡ್ರಪಾ" ಎಂದು ಆಗ ರಮೇಶಕುಮಾರ ಎಲ್ಲರನ್ನೂ ನಗಿಸಿದ್ದ. ಇವತ್ತು ಬೇಳೆ ಮಿಂಚಲೆಂದು ಅವನೇ ಎಣ್ಣೆ ಜಾಸ್ತಿ ಹಚ್ಚಿಸಿದ್ದ. ಆ ಹೊಳಪು ಯಂತ್ರದ ಕಣ್ಣಿಗೆ ದೋಷವಾಗಿ ಕಾಣುತ್ತಿತ್ತು. ಅವಳಿಗದು ಮೊದಲ ಚೀಲಕ್ಕೇ ತಿಳಿದಿತ್ತು. ಈಗ ಒಂಬತ್ತನೆಯದು ತುಂಬುತ್ತಿತ್ತು.

ಹೋದ ವರ್ಷ ಇದೇ ಜಾಗದಲ್ಲಿ ಅವಳ ಅವ್ವ ಭೀಮಮ್ಮ ಬೇಳೆ ಕದ್ದಿದ್ದಾಳೆಂದು ಅವನು ಹತ್ತು ಮಂದಿಯ ಮುಂದೆ ಸೆರಗು ಝಾಡಿಸಿದ್ದ. ಒಂದು ಕಾಳೂ ಉದುರಿರಲಿಲ್ಲ. ಅವ್ವ ಮತ್ತೆ ಕೆಲಸಕ್ಕೆ ಬರಲಿಲ್ಲ. ಓಣಿಯಲ್ಲೂ ತಲೆ ತಗ್ಗಿಸಿಯೇ ಓಡಾಡಿದಳು.

ಮಿಲ್ಲಿನ ಸಾಹುಕಾರ ಚಂದ್ರಾಮಪ್ಪ ಒಳಗೆ ಬಂದ. "ಏನ್ ನಡ್ಸೀರಿ? ಲಾರಿ ಎಷ್ಟೊತ್ತು ನಿಂದರ್ಬೇಕು?"

"ನಂಗ ಬರ್ತದ್ರಿ ಸಾವ್ಕಾರ್ರೆ, ಸರಿ ಮಾಡ್ಲಿಕ್ಕ," ಎಂದಳು ಜಯಮಾಲಾ.

"ಮತ್ತ ಮುಂಜಾನಿಂದ ಬಾಯಾಗ ಏನ್ ಇಟ್ಕೊಂಡಿದ್ದಿ?"

"ನನ್ನ ಯಾರ್ ಕೇಳ್ಯಾರ್ರಿ? ಮೊದ್ಲ ಇವ್ರು ಎಲ್ಲಾರ ಮುಂದ ಕಿಸೆ ಝಾಡಿಸ್ಲಿ. ನಮ್ಮವ್ವನ ಸೆರಗು ಝಾಡಿಸ್ಯಾರಲ್ರಿ, ಹಂಗ."

"ಏ, ತಲಿ ಕೆಟ್ಟದೇನ್ ನಿಂದು?" ರಮೇಶಕುಮಾರ ಮೈಮೇಲೆ ಬಂದ. ಅವಳು ಕೈ ಕಟ್ಟಿಕೊಂಡು ನಿಂತಳು.

ಸಾಹುಕಾರ ಲಾರಿಯ ಕಡೆ ನೋಡಿದ. "ಝಾಡ್ಸೋ ರಮೇಶ. ಏನ್ ಹೋಗ್ತದ ನಿಂದು?"

ರಮೇಶಕುಮಾರ ಪ್ಯಾಂಟಿನ ಎರಡೂ ಕಿಸೆ ಹೊರಳಿಸಿದ. ಒಂದು ಬಾಚಣಿಗೆ, ಬಸ್ಸಿನ ಚೀಟಿ, ಅರ್ಧ ತೀರಿದ ಗುಳಿಗೆಯ ಪಟ್ಟಿ ಬಿದ್ದವು.

"ಹಿಂದಿಂದು ಭೀ ಝಾಡಿಸ್ರಿ ಸಾಬ್, ಭಾಳ ಉಬ್ಬ್ಯಾದ," ಎಂದಳು ಚೀಲ ಹೊಲಿಯುವ ಹಮೀದಾಬೇಗಂ. ಹೆಂಗಸರು ಕಿಸಕ್ಕನೆ ನಕ್ಕರು. ಅಲ್ಲಿ ಮಡಚಿದ ಕರವಸ್ತ್ರವಷ್ಟೇ ಇತ್ತು.

ಜಯಮಾಲಾ ಪರದೆಯಲ್ಲಿ ಆ ಎರಡು ಅಕ್ಷರ ಹುಡುಕಿ ಒತ್ತಿದಳು. ಅವುಗಳ ಮುಂದಿದ್ದ ಅಂಕಿಯನ್ನು ಒಂದೊಂದೇ ಇಳಿಸುತ್ತ ಹೋದಳು. ಬೇಳೆ ಸರಸರನೆ ಒಳ್ಳೆಯ ಚೀಲಕ್ಕೆ ಇಳಿಯತೊಡಗಿತು. ಸಾಹುಕಾರ ಲಾರಿಯವನನ್ನು ಕೂಗುತ್ತ ಹೊರಗೆ ಹೋದ.

ಅವಳು ತಿರುಗಿ ನೋಡಿದಳು. ರಮೇಶಕುಮಾರ ಇನ್ನೂ ಅಲ್ಲೇ ನಿಂತಿದ್ದ. ಹೊರಳಿದ ಎರಡೂ ಕಿಸೆಗಳು ತೊಡೆಯ ಮೇಲೆ ಬೆಳ್ಳಗೆ ಜೋತಿದ್ದವು. ಒಳಗೆ ದೂಡಿಕೊಳ್ಳಬೇಕೆಂಬುದು ಅವನಿಗೆ ನೆನಪಿದ್ದಂತಿರಲಿಲ್ಲ.